ಕ್ಯೂರಿಂಗ್ ವರ್ಕ್ಸಿನ ಕಂಪ್ಯೂಟರುಗಳನ್ನು ಮಾತಾಡಿಸಲು ಹೋಗಿ

ಮೊನ್ನೆ ಇಬ್ಬರು ಹೊಸಬರು ಮನೆಗೆ ಬಂದಿದ್ದರು. "ಮೇಡಂ, ನಮ್ಮನ್ನ ಇಂಟಿಗ್ರೇಷನ್ ಕೆಲಸಕ್ಕೆ, ಅದೇ ಕಂಪ್ಯೂಟರುಗಳನ್ನ ಒಂದಕ್ಕೊಂದು ಜೋಡಿಸೋದಕ್ಕೆ, ಹಾಕಿದಾರೆ. ಅದು ಹೆಂಗಿರುತ್ತೆ, ಸ್ವಲ್ಪ ಹೇಳಿ" ಅಂದರು. ಕೊಟ್ಟ ಕಾಫಿ ಖಾಲಿಯಾಗಿ ಲೋಟ ಒಣಗಿದರೂ ನನ್ನ ಮಾತು ಮುಗಿಯಲಿಲ್ಲ. ಪಾಪ, ಕೊನೆಗೆ ಮೂಡಿಗೆರೆ ಬಸ್ಸಿನ ನೆಪ ಹೇಳಿ ಎದ್ದು ಹೋದರು. ಅವರಿಗೆ ಹೇಳದೆ ಉಳಿದದ್ದನ್ನು ಇಲ್ಲಿ ಟೈಪ್ ಮಾಡುತ್ತಿದ್ದೇನೆ. ಇಲ್ಲಿಂದ ಎದ್ದು ಹೋಗುವುದು ನಿಮ್ಮ ಇಷ್ಟ, ನನಗೆ ಗೊತ್ತಾಗುವುದಿಲ್ಲ.

ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸಿಗೆ ನಾನು ಸೇರಿದ್ದು ಟೈಪಿಸ್ಟ್ ಆಗಿ, ಹೊರಬಿದ್ದದ್ದು ಕಂಪ್ಯೂಟರ್ ವಿಭಾಗ ನೋಡಿಕೊಳ್ಳುವವಳಾಗಿ. ನಡುವೆ ಯಾವ ವರ್ಷ ಯಾವ ಹುದ್ದೆ ಬಂತು ಎನ್ನುವುದನ್ನು ಬೀಳ್ಕೊಡುಗೆಯ ದಿನ ಹಾರ ಹಾಕುವ ಮೊದಲು ಓದಿದ್ದಾರೆ. ಅದನ್ನು ಇನ್ನೊಮ್ಮೆ ಕೇಳುವ ತಾಳ್ಮೆ ನನಗೇ ಇಲ್ಲ. ನಾನು ಎಡವಿದ್ದನ್ನು ಹೇಳುತ್ತೇನೆ. ಉಪಯೋಗಕ್ಕೆ ಬರುವುದು ಅದೇ.

ಕ್ಯೂರಿಂಗ್ ವರ್ಕ್ಸ್ ಎಂದರೇನು ಎಂದು ಮೊದಲು ಹೇಳಿಬಿಡುತ್ತೇನೆ. ತೋಟದಲ್ಲಿ ಹಣ್ಣು ಕುಯ್ದು, ತೊಳೆದು, ಒಣಗಿಸಿದ ಕಾಫಿಬೀಜದ ಮೇಲೆ ಒಂದು ತೆಳು ಹೊಟ್ಟು ಉಳಿದಿರುತ್ತದೆ. ಹೊಟ್ಟಿನ ಸಮೇತ ಇರುವ ಆ ಬೀಜವೇ ಪಾರ್ಚ್‌ಮೆಂಟ್. ಅದು ಲಾರಿಯಲ್ಲಿ ನಮ್ಮಲ್ಲಿಗೆ ಬರುತ್ತದೆ. ನಾವು ತೂಗುತ್ತೇವೆ, ಹೊಟ್ಟು ಬಿಡಿಸುತ್ತೇವೆ, ಗಾತ್ರ ನೋಡಿ ಬೇರೆ ಮಾಡುತ್ತೇವೆ, ರುಚಿ ನೋಡುತ್ತೇವೆ, ಚೀಲ ಹೊಲಿದು ಕಳಿಸುತ್ತೇವೆ. ತೊಂಬತ್ತರ ದಶಕದಲ್ಲಿ ಈ ಒಂದೊಂದು ವಿಭಾಗಕ್ಕೂ ಒಂದೊಂದು ಕಂಪ್ಯೂಟರ್ ಬಂತು. ಒಂದರ ಪ್ರೋಗ್ರಾಮ್ ಬರೆದವನು ಇನ್ನೊಂದರ ಮುಖ ನೋಡಿರಲಿಲ್ಲ. ತೂಕದ ಕಟ್ಟೆಯದಕ್ಕೆ ಕಿಲೋ ಮಾತ್ರ ಗೊತ್ತು, ಚೀಲ ಇಳಿಸುವ ಕಣದ ಕಂಪ್ಯೂಟರಿಗೆ ಚೀಲ ಮಾತ್ರ ಗೊತ್ತು, ರಫ್ತು ವಿಭಾಗದ್ದು ಟನ್ನಿನ ಕೆಳಗೆ ಮಾತೇ ಆಡುತ್ತಿರಲಿಲ್ಲ. ನಾನು ಇವುಗಳ ನಡುವೆ ಫ್ಲಾಪಿ ಹೊತ್ತುಕೊಂಡು ಓಡಾಡುತ್ತಿದ್ದೆ. ಮಳೆಗಾಲದಲ್ಲಿ ಒದ್ದೆಯಾಗದಿರಲಿ ಎಂದು ಊಟದ ಡಬ್ಬಿಯಲ್ಲಿಟ್ಟುಕೊಂಡು ಹೋಗುತ್ತಿದ್ದೆ. ಒಂದು ದಿನ ಡಬ್ಬಿಯ ಮೇಲಿನ ಅಂತಸ್ತಿನ ಚಿತ್ರಾನ್ನದ ಎಣ್ಣೆ ಕೆಳಗಿಳಿದು ಇಡೀ ವಾರದ ಲೆಕ್ಕಕ್ಕೆ ಒಗ್ಗರಣೆ ಬಿತ್ತು. ಒಂದು ತೋಟದಿಂದ ಒಂದು ಸಲಕ್ಕೆ ಬರುವ ಕಾಫಿಗೆ ಲಾಟು ಎನ್ನುತ್ತೇವೆ; ಆ ವಾರ ಬಂದ ಲಾಟುಗಳನ್ನೆಲ್ಲ ನಾನೇ ಮತ್ತೆ ಕೂತು ಟೈಪ್ ಮಾಡಿದೆ. ಕಂಪ್ಯೂಟರ್ ಕಲಿಯಲೇಬೇಕೆಂದು ನಿಶ್ಚಯಿಸಿದ್ದು ಅವತ್ತೇ. ಒಂದೇ ವಿಷಯವನ್ನು ಎರಡನೇ ಸಲ ಟೈಪ್ ಮಾಡಬಾರದು, ಅಷ್ಟೇ ನನ್ನ ಗುರಿ. ಸೋಮಾರಿತನದಷ್ಟು ಒಳ್ಳೆಯ ಮೇಷ್ಟ್ರು ನನಗೆ ಇನ್ನೊಬ್ಬರು ಸಿಗಲಿಲ್ಲ.

ರಟ್ಟು ಹರಿದ ಹಳೆಯ ಪುಸ್ತಕವೊಂದನ್ನು ಇಟ್ಟುಕೊಂಡು, ಊಟದ ಬಿಡುವಿನಲ್ಲಿ ತೂಕದ ಕಟ್ಟೆಯ ಕಂಪ್ಯೂಟರಿನ ಮುಂದೆ ಕೂತು ಕಲಿತೆ. ಅಲ್ಲಿನ ಗುಮಾಸ್ತ ಫ್ರಾನ್ಸಿಸ್ ನನ್ನ ಏಕೈಕ ಪ್ರೇಕ್ಷಕ. ನಾನು ಬರೆದದ್ದು ಮೊದಲ ಸಲ ಓಡಿದಾಗ ಅವನು ಚಪ್ಪಾಳೆ ತಟ್ಟಿದ. ಅದು ತಪ್ಪು ಉತ್ತರ ಕೊಟ್ಟಿದೆ ಎಂದು ಗೊತ್ತಾಗಿದ್ದು ಚಪ್ಪಾಳೆಯಾದ ಮೇಲೆ.

ಎರಡು ಸಾವಿರದ ಆಚೆಗೆ ಒಂದು ದಿನ ನಮ್ಮ ಮ್ಯಾನೇಜರ್ ಮಂಜಪ್ಪಗೌಡರು ಬೆಂಗಳೂರಿನಲ್ಲಿ ಯಾವುದೋ ಸಭೆ ಮುಗಿಸಿ ಬಂದವರು ನೇರ ನನ್ನ ಟೇಬಲ್ಲಿಗೆ ಬಂದರು.

"ವಿಶಾಲಾಕ್ಷಿ, ನಮ್ಗೂ ಅದು ಬೇಕಲ್ಲ."

"ಯಾವ್ದು ಸಾರ್?"

"ಅದೇ, ಎಲ್ಲ ಕಂಪ್ಯೂಟ್ರೂ ಒಂದಕ್ಕೊಂದು ಮಾತಾಡ್ತಾವಂತೆ. ಒಂದು ಕಡೆ ಬರೆದ್ರೆ ಸಾಕಂತೆ."

"ಅದಕ್ಕೆ ಎಂಟರ್‌ಪ್ರೈಸ್ ಸರ್ವಿಸ್ ಬಸ್ ಅಂತಾರೆ ಸಾರ್. ನಾನು ಓದಿದೀನಿ."

"ಓದಿದ್ದು ಸಾಕು. ಮಾಡು."

ಹೀಗೆ ಮೂರು ಶಬ್ದದಲ್ಲಿ ಯೋಜನೆ ಮಂಜೂರಾಯಿತು. ಅದೇನೆಂದು ಕಣದ ಮೇಸ್ತ್ರಿ ಸಣ್ಣಪ್ಪನಿಗೆ ತಿಳಿಸುವುದೇ ಕಷ್ಟವಾಯಿತು. ಕೊನೆಗೆ ಎಸ್ಟೇಟಿನ ರೈಟರನ್ನು ನೆನೆಸಿಕೊಂಡೆ. ಮೇಸ್ತ್ರಿ ತುಳುವಿನಲ್ಲೋ ತಮಿಳಿನಲ್ಲೋ ಇವತ್ತು ಇಷ್ಟು ಆಳು, ಇಷ್ಟು ಕೆಲಸ ಎನ್ನುತ್ತಾನೆ. ರೈಟರ್ ಅದನ್ನು ಕನ್ನಡದಲ್ಲಿ ಬರೆದುಕೊಂಡು, ಸಾಹುಕಾರರು ಕೇಳಿದಾಗ ಇಂಗ್ಲಿಷ್ ಬೆರೆಸಿ ಹೇಳುತ್ತಾನೆ. ಮೇಸ್ತ್ರಿ ಇಂಗ್ಲಿಷ್ ಕಲಿಯಬೇಕಿಲ್ಲ, ಸಾಹುಕಾರರು ತುಳು ಕಲಿಯಬೇಕಿಲ್ಲ. ಎಲ್ಲ ಪ್ರೋಗ್ರಾಮುಗಳ ನಡುವೆ ಅಂಥ ಒಬ್ಬ ರೈಟರನ್ನು ಕೂರಿಸಿದರೆ ಅದೇ ಬಸ್. ಕಿಲೋ ಎಂದದ್ದನ್ನು ಚೀಲ ಮಾಡಿ ಕಣಕ್ಕೆ ಹೇಳುತ್ತದೆ, ಟನ್ ಮಾಡಿ ರಫ್ತಿಗೆ ಹೇಳುತ್ತದೆ. ಪ್ರತಿ ಪ್ರೋಗ್ರಾಮೂ ತನ್ನ ಬಾಗಿಲಿಗೆ ಒಂದು ಬೋರ್ಡು ತಗುಲಿಸಿಕೊಳ್ಳಬೇಕು: ನಾನು ಈ ಕೆಲಸ ಮಾಡಿಕೊಡುತ್ತೇನೆ, ಹೀಗೆ ಕೇಳಿ, ಹೀಗೆ ಉತ್ತರ ಕೊಡುತ್ತೇನೆ. ಆ ಬೋರ್ಡೇ ಸರ್ವಿಸ್. ನಿಮ್ಮ ದಪ್ಪ ಪುಸ್ತಕಗಳ ಮೊದಲ ಇನ್ನೂರು ಪುಟದ ಸಾರ ಇಷ್ಟೇ.

"ಅಂದ್ರೆ ರೈಟರಿಗೆ ಸಂಬಳ ಇಲ್ಲ, ರಜೆ ಇಲ್ಲ" ಎಂದ ಸಣ್ಣಪ್ಪ.

"ಇಲ್ಲ."

"ಪಾಪ" ಎಂದ.

ಮೊದಲು ಜೋಡಿಸಿದ್ದು ಬಾಳೂರಿನ ಒಂದು ದೊಡ್ಡ ಎಸ್ಟೇಟಿನ ಆಫೀಸು. ಅಲ್ಲಿಂದ ಲಾರಿ ಹೊರಟ ತಕ್ಷಣ ಅವರ ಕಂಪ್ಯೂಟರ್ ಫೋನ್ ಲೈನಿನಲ್ಲಿ ನಮಗೊಂದು ಸಂದೇಶ ಕಳಿಸಬೇಕು. ನಾವು 'ಮುಟ್ಟಿತು' ಎಂದು ತಿರುಗಿ ಹೇಳಬೇಕು. 'ಮುಟ್ಟಿತು' ಬರದಿದ್ದರೆ ಅದು ಮತ್ತೆ ಕಳಿಸಬೇಕು. ಎಷ್ಟು ಅಚ್ಚುಕಟ್ಟು! ಮೊದಲ ದಿನವೇ ಸಣ್ಣಪ್ಪ ಮೂರು ಲಾರಿಗಾಗುವಷ್ಟು ಜಾಗ ಖಾಲಿ ಮಾಡಿಸಿ, ಆಳುಗಳನ್ನು ಸಾಲಾಗಿ ನಿಲ್ಲಿಸಿಕೊಂಡು ಗೇಟು ನೋಡುತ್ತಿದ್ದ. ಮಧ್ಯಾಹ್ನ ಒಂದು ಲಾರಿ ಬಂತು.

"ಉಳಿದ ಎರಡೆಲ್ಲಿ?" ಎಂದು ಡ್ರೈವರನ್ನು ಕೇಳಿದ.

"ಯಾವ ಎರಡು? ನಾನೊಬ್ನೇ ಮಾರಾಯ್ರೆ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದೆ, ಅದ್ಕೆ ಸ್ವಲ್ಪ ತಡ ಆಯ್ತು."

"ಮೂರು ಲಾರಿ ಅಂತ ಕಂಪ್ಯೂಟರ್ ಹೇಳಿದೆ."

"ಹಂಗಾದ್ರೆ ಆ ಎರಡನ್ನ ಕಂಪ್ಯೂಟ್ರೇ ಹೊಡ್ಕೊಂಡು ಬರ್ತಿರ್ಬೇಕು. ಕಾಯ್ರಿ."

ಆಗಿದ್ದು ಇಷ್ಟೇ. ಸಂದೇಶ ನಮಗೆ ಮುಟ್ಟಿದ ಮೇಲೆ, ನಮ್ಮ 'ಮುಟ್ಟಿತು' ಅಲ್ಲಿಗೆ ಹೋಗುವ ಮೊದಲೇ, ದಾರಿಯಲ್ಲಿ ಲೈನು ಕಡಿಯುತ್ತಿತ್ತು. ಬಾಳೂರು ಪಾಪ ನಿಷ್ಠೆಯಿಂದ ಮೂರು ಸಲ ಕಳಿಸಿತ್ತು. ನಾನು ಮೂರು ಸಲವೂ ನಿಷ್ಠೆಯಿಂದ ಹೊಸ ಲಾರಿ ಹುಟ್ಟಿಸಿದ್ದೆ. ಅಂದಿನಿಂದ ಪ್ರತಿ ಸಂದೇಶಕ್ಕೂ ಅದರದೇ ಒಂದು ಸಂಖ್ಯೆ ಕೊಟ್ಟೆ. ಒಮ್ಮೆ ನೋಡಿದ ಸಂಖ್ಯೆ ಮತ್ತೆ ಬಂದರೆ 'ಮುಟ್ಟಿತು' ಎನ್ನುವುದು, ಬೇರೇನೂ ಮಾಡದಿರುವುದು. ಈ ಮಾತನ್ನು ಬರೆದಿಟ್ಟುಕೊಳ್ಳಿ, ನಿಮ್ಮ ಕಾಲದ ಲೈನುಗಳೂ ಕಡಿಯುತ್ತವೆ. ಸಣ್ಣಪ್ಪ ಮಾತ್ರ ಆ ಸೀಸನ್ ಮುಗಿಯುವ ತನಕ ನನ್ನನ್ನು ಕಂಡಾಗಲೆಲ್ಲ, "ಆ ಎರಡು ಲಾರಿ ಬಣಕಲ್ ದಾಟಿದ್ವಾ ಮೇಡಂ?" ಎನ್ನುತ್ತಿದ್ದ.

ಇನ್ನು ದೊಡ್ಡ ತಪ್ಪಿಗೆ ಬರುತ್ತೇನೆ.

ನಮ್ಮಲ್ಲಿ ಕಾಫಿಯ ರುಚಿ ನೋಡುತ್ತಿದ್ದವರು ವಾಮನ ಭಟ್ಟರು. ಕಳಸದ ಕಡೆಯವರು. ಮನೆಯಲ್ಲಿ ಉಳಿದವರೆಲ್ಲ ಪೌರೋಹಿತ್ಯ, ಇವರೊಬ್ಬರು ಕಾಫಿ. ಸೀಸನ್ನಿನಲ್ಲಿ ಈರುಳ್ಳಿ ಮುಟ್ಟುತ್ತಿರಲಿಲ್ಲ, ಉಪ್ಪಿನಕಾಯಿ ಮುಟ್ಟುತ್ತಿರಲಿಲ್ಲ. ಪರಿಮಳದ ಸೋಪಿನಲ್ಲಿ ಸ್ನಾನ ಮಾಡಿದವರನ್ನು ಅವರ ಕೋಣೆಯೊಳಗೆ ಬಿಡುತ್ತಿರಲಿಲ್ಲ. ನಾನೊಮ್ಮೆ ಮಲ್ಲಿಗೆ ಮುಡಿದು ಹೋದಾಗ ಬಾಗಿಲಲ್ಲೇ ತಡೆದು, "ಆ ತೋಟ ಹೊರಗಿಟ್ಟು ಬಾ ಮಾರಾಯ್ತಿ" ಎಂದಿದ್ದರು. ಸಾಲಾಗಿ ಬಟ್ಟಲು, ಹುರಿದು ಪುಡಿ ಮಾಡಿದ ಕಾಫಿ, ಮೇಲೆ ಬಿಸಿನೀರು. ಭಟ್ಟರು ಚಮಚದಲ್ಲಿ ಎತ್ತಿ ಸುರ್ರೆಂದು ಎಳೆದು, ಬಾಯಲ್ಲಿ ತಿರುಗಿಸಿ, ಉಗುಳಿ, ಅಂಕ ಹಾಕುವರು. ಹೆಚ್ಚು ಅಂಕ ಬಂದ ಲಾಟುಗಳು ಆಯ್ಕೆಯ ಪಟ್ಟಿಗೆ ಹೋಗುತ್ತಿದ್ದವು. ಅವು ತೋಟದ ಹೆಸರಿನಲ್ಲೇ ವಿದೇಶಕ್ಕೆ ಹೋಗುತ್ತವೆ. ಉಳಿದದ್ದೆಲ್ಲ ಒಂದೇ ರಾಶಿಗೆ ಸುರಿದು ಬೆರೆಯುತ್ತದೆ. ರಾಶಿಗೆ ಬಿದ್ದ ಕಾಫಿಗೆ ಮತ್ತೆ ಊರಿಲ್ಲ, ಹೆಸರಿಲ್ಲ.

ಪ್ರತಿ ಬಟ್ಟಲಿನ ಮುಂದೆ ಒಂದು ಹಿತ್ತಾಳೆ ಬಿಲ್ಲೆ ಇರುತ್ತಿತ್ತು, ಅದರ ಮೇಲೊಂದು ಸಂಖ್ಯೆ. ಯಾವ ಬಿಲ್ಲೆ ಯಾವ ಲಾಟಿನದು ಎನ್ನುವ ಪುಸ್ತಕ ಬೇರೆ ಕೋಣೆಯ ಬೀರುವಿನಲ್ಲಿ, ಬೀರುವಿನ ಬೀಗದ ಕೈ ಗೌಡರ ಜೇಬಿನಲ್ಲಿ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಲಾಟಿಗೆ ಸರಿಯಾದ ಸಂಖ್ಯೆ ಇಲ್ಲದೆ ಮಾಡಿಕೊಂಡ ಏರ್ಪಾಡು ಇದು ಎಂದುಕೊಂಡೆ. ಯಾರನ್ನೂ ಕೇಳಲಿಲ್ಲ. ಗೇಟಿನಿಂದ ರಫ್ತಿನವರೆಗೆ ಒಂದೇ ಲಾಟು ಸಂಖ್ಯೆ ತಂದೆ, ಬಿಲ್ಲೆಗಳನ್ನು ಒರೆಸಿ ಡ್ರಾಯರಿಗೆ ಹಾಕಿದೆ, ರುಚಿ ಕೋಣೆಯಲ್ಲಿ ಹೊಸ ಸ್ಕ್ರೀನ್ ಇಟ್ಟೆ. ಆ ಸ್ಕ್ರೀನಿನಲ್ಲಿ ಲಾಟಿನ ಪೂರ್ತಿ ಜಾತಕ ಬರುತ್ತಿತ್ತು: ತೋಟ, ಊರು, ಮಾಲೀಕರ ಹೆಸರು, ತೂಕ, ತೇವಾಂಶ. ಭಟ್ಟರು ಮೊದಲ ದಿನ ಅದನ್ನು ತುಂಬ ಹೊತ್ತು ನೋಡಿದರು.

"ಎಷ್ಟೆಲ್ಲ ಬರೆದಿದೀಯಲ್ಲೇ" ಎಂದರು.

ಹೊಗಳಿಕೆ ಎಂದುಕೊಂಡು ಹಿಗ್ಗಿದೆ. ಗೌಡರೂ ಹಿಗ್ಗಿ ಡೈರೆಕ್ಟರುಗಳನ್ನು ಕರೆತಂದು ತೋರಿಸಿದರು.

ಎರಡು ವಾರ ಕಳೆದು ಆಯ್ಕೆಯ ಪಟ್ಟಿ ನೋಟಿಸ್ ಬೋರ್ಡಿಗೆ ಬಂತು. ಮರುದಿನ, ಒಂದು ಮಂಗಳವಾರ, ಬಾಳೂರಿನ ಪದ್ಮಮ್ಮ ನನ್ನ ಟೇಬಲ್ಲಿಗೆ ಬಂದರು. ನಾಲ್ಕೈದು ಎಕರೆಯ ಸಣ್ಣ ತೋಟ ಅವರದು. ಹಣ್ಣು ಕುಯ್ಯಿಸುವುದರಿಂದ ಬೀಜ ತೊಳೆಯುವ ತನಕ ಪಕ್ಕದಲ್ಲೇ ನಿಂತು ಮಾಡಿಸುವವರು. ನಾಲ್ಕು ವರ್ಷದಿಂದ ಅವರ ಲಾಟು ಒಮ್ಮೆಯೂ ಆಯ್ಕೆ ತಪ್ಪಿರಲಿಲ್ಲ. ಈ ಸಲ ತಪ್ಪಿತ್ತು.

"ನಾನೇನು ಜಗಳಕ್ಕೆ ಬಂದಿಲ್ಲ ಕಣೇ" ಎಂದು ಕೂತರು. "ಏನು ಕೆಟ್ಟಿದೆ ಅಂತ ಹೇಳಿದ್ರೆ ಮುಂದಿನ ಸಲ ಸರಿ ಮಾಡ್ಕೊಳ್ತೀನಿ. ತೊಳೆದದ್ದು ಹೆಚ್ಚಾಯ್ತಾ? ಒಣಗಿದ್ದು ಸಾಲ್ದಾ?"

"ನೋಡ್ತೀನಿ ಪದ್ಮಮ್ಮ."

"ಗುರುವಾರ ರಾಶಿಗೆ ಸುರೀತಾರಂತಲ್ಲ. ಸುರಿದ ಮೇಲೆ ನಂದು ಯಾವ್ದು, ಊರಿನೋರ್ದು ಯಾವ್ದು." ಬ್ಯಾಗಿನಿಂದ ಒಂದು ಖಾಲಿ ಪೊಟ್ಟಣ ತೆಗೆದರು. ಯಾವುದೋ ದೇಶದ ಕಾಫಿ ಅಂಗಡಿಯದು, ಅದರ ಮೇಲೆ ಅವರ ತೋಟದ ಹೆಸರು ಅಚ್ಚಾಗಿತ್ತು. "ಹೋದ ವರ್ಷದ್ದು. ನಾನು ಸತ್ರೂ ಪೇಪರಲ್ಲಿ ಹೆಸರು ಬರೋದಿಲ್ಲ, ಅಲ್ಲೆಲ್ಲೋ ಪೊಟ್ಟಣದ ಮೇಲೆ ತೋಟದ ಹೆಸರು ಬಂದಿದೆ ನೋಡು." ನಕ್ಕರು. ಆಮೇಲೆ ದನಿ ತಗ್ಗಿಸಿದರು. "ನಾನು ಬಂದಿದ್ದು ಅಣ್ಣಂಗೆ ಹೇಳ್ಬೇಡ."

"ಯಾವ ಅಣ್ಣ?"

"ನನ್ನಣ್ಣ. ಆ ಹಿಂದಿನ ಕೋಣೇಲಿ ಸುರ್ ಸುರ್ ಅಂತಾನಲ್ಲ, ವಾಮನ. ನನ್ನ ಕಾಫಿ ಇಲ್ಲಿಗೆ ಬರೋದು ಅವನಿಗೆ ಗೊತ್ತು, ಯಾವ ಬಟ್ಲು ಅಂತ ಯಾವತ್ತೂ ಗೊತ್ತಿಲ್ಲ. ನಾವಿಬ್ರೂ ಮನೇಲಿ ಆ ಮಾತೇ ಎತ್ತಲ್ಲ."

ಅವರಿಗೆ ಅಲ್ಲೇ ಕೂತಿರಲು ಹೇಳಿ, ಬಸ್ಸಿನಲ್ಲಿ ಹಾದುಹೋದ ಸಂದೇಶಗಳ ದಾಖಲೆ ತೆಗೆದೆ. ರುಚಿ ಕೋಣೆಗೆ ಹೋದ ಪ್ರತಿ ಸಂದೇಶದಲ್ಲೂ ಹೆಸರಿತ್ತು. ಪದ್ಮಮ್ಮ, ಬಾಳೂರು. ದಪ್ಪ ಅಕ್ಷರದಲ್ಲಿ. ಆ ದಪ್ಪ ಅಕ್ಷರ ನಾನೇ ಇಷ್ಟಪಟ್ಟು ಹಾಕಿದ್ದು.

ಭಟ್ಟರ ಕೋಣೆಗೆ ಹೋದೆ. ಚಮಚ ತೊಳೆಯುತ್ತಿದ್ದರು. ಮೂವತ್ತು ವರ್ಷ ನಾಲಿಗೆ ನಂಬಿ ಬದುಕಿದ ಮನುಷ್ಯರಿಗೆ 'ನೀವು ಹೆಸರು ನೋಡಿ ಅಂಕ ಹಾಕಿದಿರಾ' ಎಂದು ಕೇಳುವುದು ಹೇಗೆ? ನಾನು ಸುತ್ತಿ ಬಳಸಿ ಹವಾಮಾನದಿಂದ ಶುರು ಮಾಡಿದೆ.

"ಎಂಥ ಆಗಿದೆ ನಿಂಗೆ? ನೇರ ಹೇಳು" ಎಂದರು.

"ಭಟ್ರೆ, ಸ್ಕ್ರೀನಲ್ಲಿ ಹೆಸರು ಬರ್ತಿತ್ತಲ್ಲ…"

"ಬರ್ತಿತ್ತು."

"ನೀವು ಬೇಡ ಅನ್ಲಿಲ್ಲ."

"ದೊಡ್ಡೋರೆಲ್ಲ ಸೇರಿ ತೀರ್ಮಾನ ಮಾಡಿದಾರೆ ಅಂದ್ಕೊಂಡೆ. ಗೌಡ್ರು ಹಾರ ತುರಾಯಿ ಹಾಕಿ ತೋರಿಸಿದ್ರು. ನಾನ್ಯಾವನು ಬೇಡ ಅನ್ಲಿಕ್ಕೆ?"

ಗೌಡರು ಭಟ್ಟರಿಗೆ ಒಪ್ಪಿಗೆಯಿದೆ ಎಂದುಕೊಂಡಿದ್ದರು. ಭಟ್ಟರು ಗೌಡರ ಆರ್ಡರ್ ಎಂದುಕೊಂಡಿದ್ದರು. ನಾನು ಇಬ್ಬರಿಗೂ ಖುಷಿಯಾಗಿದೆ ಎಂದುಕೊಂಡಿದ್ದೆ. ಕಂಪ್ಯೂಟರುಗಳನ್ನೆಲ್ಲ ಮಾತಾಡಿಸಿದ್ದೆ, ಮನುಷ್ಯರು ಮೂವರೂ ಮರ್ಯಾದೆಯಿಂದ ಬಾಯಿ ಮುಚ್ಚಿಕೊಂಡಿದ್ದೆವು.

"ನಿಮ್ಮ ತಂಗಿಯವ್ರ ಲಾಟು…" ಎಂದೆ.

ಭಟ್ಟರು ಚಮಚ ಕೆಳಗಿಟ್ಟರು. "ಪದ್ದಿ ಹೆಸರು ಕಂಡ ಕೂಡ್ಲೆ ಬಾಯಲ್ಲಿದ್ದ ರುಚಿ ಹಾರಿಹೋಯ್ತು ಮಾರಾಯ್ತಿ. ಚೆನ್ನಾಗಿದೆ ಅನ್ಸಿತು. ಚೆನ್ನಾಗಿದೆಯಾ, ತಂಗಿದು ಅಂತ ಚೆನ್ನಾಗಿದೆಯಾ? ಗೊತ್ತಾಗ್ಲಿಲ್ಲ. ನಾಳೆ ಯಾರಾದ್ರೂ ತಂಗಿಗೆ ಹಾಕಿದ ಅಂದ್ರೆ? ಎರಡು ಅಂಕ ಇಳಿಸ್ದೆ." ಚಮಚವನ್ನು ಮತ್ತೆ ಎತ್ತಿ ತೊಳೆಯುತ್ತ, "ಮನೆಗೆ ಹೋಗಿ ಊಟ ಸೇರ್ಲಿಲ್ಲ" ಎಂದರು.

ನನಗೆ ಹೊಳೆದೇ ಇರದ ದಾರಿ ಇದು. ಹೆಸರು ಗೊತ್ತಾದರೆ ಜನ ತಮ್ಮವರಿಗೆ ಹೆಚ್ಚು ಕೊಟ್ಟಾರು ಎಂದು ಹೆದರುತ್ತೇವೆ. ಪ್ರಾಮಾಣಿಕರ ಕೈಗೆ ಸಿಕ್ಕ ತಮ್ಮವರ ಗತಿ ಇನ್ನೂ ಕಷ್ಟ.

ಇಬ್ಬರೂ ಗೌಡರ ಕೋಣೆಗೆ ಹೋದೆವು. ಗೌಡರು ಕೇಳುತ್ತ ಕೇಳುತ್ತ ಕುರ್ಚಿಯಲ್ಲಿ ಕೆಳಗೆ ಕೆಳಗೆ ಜಾರಿದರು.

"ಡೈರೆಕ್ಟರ್‌ಗಳಿಗೆ ಮೊನ್ನೆ ಮೊನ್ನೆ ತಾನೇ ತೋರಿಸಿದೀನಲ್ಲ! ಈಗ ತಪ್ಪಾಯ್ತು ಅಂತ ಹೇಳ್ಲಾ?"

"ತಪ್ಪು ನಂದು ಸಾರ್. ನನ್ನ ಹೆಸರಲ್ಲೇ ಬರೆದುಕೊಡ್ತೀನಿ" ಎಂದೆ. ಕೆಲಸ ಹೋದರೆ ಮನೆಯಲ್ಲಿ ಏನು ಹೇಳುವುದೆಂದು ಆಗಲೇ ಮನಸ್ಸಿನಲ್ಲಿ ವಾಕ್ಯ ಕಟ್ಟುತ್ತಿದ್ದೆ.

"ಪಟ್ಟಿ ಬೋರ್ಡಲ್ಲಿದೆ. ಪಟ್ಟಿಲಿ ಯಾರ್ಯಾರಿದಾರೆ ಗೊತ್ತಾ ನಿಂಗೆ?" ಗೊತ್ತಿತ್ತು. ಒಬ್ಬ ಡೈರೆಕ್ಟರರ ಭಾವನ ಎಸ್ಟೇಟೂ ಇತ್ತು.

ಭಟ್ಟರು ಮೆಲ್ಲಗೆ, "ಗೌಡ್ರೆ, ಆ ಪಟ್ಟಿ ನಾನು ಕಣ್ಣಲ್ಲಿ ಮಾಡಿದ್ದು. ನಾಲಿಗೆಲಿ ಮಾಡಿದ್ದಲ್ಲ. ನಾಳೆ ಬೆಳಿಗ್ಗೆ ಎಲ್ಲ ಬಟ್ಲು ಮತ್ತೆ ಇಡ್ಸಿ. ಇಲ್ಲ ಅಂದ್ರೆ ನಂಗೆ ರಜೆ ಕೊಡಿ, ವಾಪಸ್ ಬರ್ತೀನೋ ಇಲ್ವೋ ಹೇಳಕ್ಕಾಗಲ್ಲ" ಎಂದರು.

ಗೌಡರು ಜೇಬಿನಿಂದ ಬೀರುವಿನ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟರು.

ಬುಧವಾರ ಬೆಳಿಗ್ಗೆ ಡ್ರಾಯರಿನಿಂದ ಬಿಲ್ಲೆಗಳು ಹೊರಬಂದವು. ಫ್ರಾನ್ಸಿಸ್ ಒಬ್ಬನೇ ಕೂತು ಬಿಲ್ಲೆ ಹಂಚಿ, ಪುಸ್ತಕದಲ್ಲಿ ಬರೆದು, ಪುಸ್ತಕವನ್ನು ಗೌಡರಿಗೆ ಕೊಟ್ಟು, ತೂಕದ ಕಟ್ಟೆಗೆ ಹೋಗಿ ಕೂತ. ಸ್ಕ್ರೀನಿಗೆ ನಾನೇ ಚೀಲ ಹೊದಿಸಿದೆ. ನೋಡುತ್ತ ನಿಲ್ಲೋಣವೆಂದು ಮೂಲೆಗೆ ಸರಿದೆ.

"ನೀನೂ ಹೊರಗೆ" ಎಂದರು ಭಟ್ಟರು.

"ನಂಗೆ ಯಾವ ಬಟ್ಲು ಯಾರ್ದು ಅಂತ ಗೊತ್ತಿಲ್ಲ ಭಟ್ರೆ."

"ಗೊತ್ತಿಲ್ದೆ ಇದ್ರೂ ನಿನ್ನ ಮುಖ ಏನಾದ್ರೂ ಹೇಳ್ತಾನೇ ಇರುತ್ತೆ. ಅದೂ ಒಂದು ಸ್ಕ್ರೀನೇ. ಹೋಗು."

ಹೊರಗೆ ನಿಂತು ಸುರ್ ಎನ್ನುವ ಸದ್ದು ಎಣಿಸಿದೆ. ಬಟ್ಟಲುಗಳಿಗಿಂತ ಸದ್ದು ಹೆಚ್ಚಾಗಿತ್ತು. ಕೆಲವನ್ನು ಎರಡೆರಡು ಸಲ ನೋಡಿದ್ದರು. ಊಟದ ಹೊತ್ತಿಗೆ ಬಾಗಿಲು ತೆರೆದು, ಅಂಕದ ಹಾಳೆಯನ್ನು ಮಡಚಿ ನನ್ನ ಕೈಗಿಟ್ಟರು. "ಗೌಡ್ರಿಗೆ ಕೊಡು. ಪುಸ್ತಕ ಬಿಚ್ಚೋವಾಗ ನಾನಿರಲ್ಲ."

ಗೌಡರು ಪುಸ್ತಕ ಬಿಚ್ಚಿದರು, ನಾನು ಸಂಖ್ಯೆ ಓದಿದೆ. ಹೆಚ್ಚಿನ ಲಾಟುಗಳು ಇದ್ದಲ್ಲೇ ಇದ್ದವು. ಹದಿನಾಲ್ಕನೇ ಬಿಲ್ಲೆಗೆ ಬಂದಾಗ ಗೌಡರ ಬೆರಳು ನಿಂತಿತು. ಡೈರೆಕ್ಟರರ ಭಾವನ ಲಾಟು ಪಟ್ಟಿಯಿಂದ ಕೆಳಗಿಳಿದಿತ್ತು. "ರಾಮ ರಾಮ" ಎಂದರು, ಆದರೆ ಬರೆದರು. ಇಪ್ಪತ್ತೆರಡನೆಯದು ಮೇಲಿನಿಂದ ಮೂರನೆಯ ಸ್ಥಾನದಲ್ಲಿತ್ತು. ಗೌಡರು ಪುಸ್ತಕ ನನ್ನ ಕಡೆ ತಿರುಗಿಸಿದರು. ಪದ್ಮಮ್ಮ, ಬಾಳೂರು.

ನನ್ನ ಕೆಲಸ ಹೋಗಲಿಲ್ಲ. ಡೈರೆಕ್ಟರುಗಳಿಗೆ ಗೌಡರು ಏನು ಹೇಳಿದರೋ ನನಗೆ ಹೇಳಲಿಲ್ಲ. ಮೂರು ದಿನ ನನ್ನೊಂದಿಗೆ ಮಾತಾಡದೆ, ನಾಲ್ಕನೇ ದಿನ, "ಆ ಬಸ್ಸಿಗೆ ಸ್ವಲ್ಪ ಮರೆವು ಕಲಿಸು" ಎಂದರು. ಕಲಿಸಿದೆ. ರುಚಿ ಕೋಣೆಯ ದಾರಿಯಲ್ಲಿ ಒಂದು ಪುಟ್ಟ ಸರ್ವಿಸ್ ಕೂರಿಸಿದೆ. ಅದು ಲಾಟಿನ ಹೆಸರು, ಊರು, ತೂಕ ಎಲ್ಲ ಕಿತ್ತು, ಒಂದು ಬಿಲ್ಲೆಯ ಸಂಖ್ಯೆ ಮಾತ್ರ ಒಳಗೆ ಬಿಡುತ್ತದೆ. ಅಂಕ ಹೊರಗೆ ಬಂದ ಮೇಲೆ ಹೆಸರನ್ನು ಮತ್ತೆ ಜೋಡಿಸುತ್ತದೆ. ಇಡೀ ವೃತ್ತಿಯಲ್ಲಿ ನಾನು ಬರೆದ ಅತಿ ಚಿಕ್ಕ ಪ್ರೋಗ್ರಾಮ್ ಅದು, ನನ್ನ ಹೆಮ್ಮೆಯದೂ ಅದೇ. ಹಾಗಾಗಿ ಹೊಸಬರೇ, ಎರಡು ಕೋಣೆಗಳ ನಡುವೆ ಗೋಡೆ ಕಂಡರೆ ಒಡೆಯುವ ಮೊದಲು ಒಳಗಿರುವವರ ಹತ್ತಿರ ಹೋಗಿ, ಇದನ್ನು ಯಾಕೆ ಕಟ್ಟಿದಿರಿ ಎಂದು ಕೇಳಿ. ಕೇಳಲು ಬಾಯಿ ಬೇಕು ಅಷ್ಟೇ, ಸಾಫ್ಟ್‌ವೇರ್ ಬೇಡ.

ಆ ಗುರುವಾರ ಬೆಳಿಗ್ಗೆ, ರಾಶಿಗೆ ಸುರಿಯುವ ಮೊದಲು, ಹೊಸ ಪಟ್ಟಿಯನ್ನು ಮುಂದಿನ ಬಾಗಿಲ ಪಕ್ಕದ ಬೋರ್ಡಿಗೆ ನಾನೇ ಅಂಟಿಸಿದೆ. ಪದ್ಮಮ್ಮ ಮೊದಲ ಬಸ್ಸಿಗೇ ಬಂದಿದ್ದರು. ಕನ್ನಡಕ ಏರಿಸಿ, ಪಟ್ಟಿಯ ಕೆಳಗಿನಿಂದ ಒಂದೊಂದೇ ಹೆಸರಿನ ಮೇಲೆ ಬೆರಳಿಡುತ್ತ ಮೇಲೆ ಹೋದರು. ಮೂರನೆಯದರಲ್ಲಿ ಬೆರಳು ನಿಂತಿತು. ತಿರುಗಿ ನೋಡಲಿಲ್ಲ, ಬೆರಳನ್ನೂ ತೆಗೆಯಲಿಲ್ಲ.

ಅವರನ್ನು ಅಲ್ಲೇ ಬಿಟ್ಟು ಒಳಗೆ ಬಂದು ಹಿಂದಿನ ಕಿಟಕಿಯಿಂದ ನೋಡಿದರೆ ವಾಮನ ಭಟ್ಟರು ಕೆಲಸಕ್ಕೆ ಬರುತ್ತಿದ್ದರು. ಮುಂದಿನ ಬಾಗಿಲಿನಿಂದ ಬಂದರೆ ಬೋರ್ಡು ಕಣ್ಣಿಗೆ ಬಿದ್ದು, ತಂಗಿಯ ಲಾಟು ಏನಾಯಿತೆಂದು ಗೊತ್ತಾಗಿಬಿಡುತ್ತದಲ್ಲ. ಪಂಚೆಯನ್ನು ಮೊಳಕಾಲಿಗೆ ಎತ್ತಿಕಟ್ಟಿ, ಹೊಟ್ಟು ಸುರಿಯುವ ಹಿತ್ತಿಲಿನ ಗುಡ್ಡೆ ಹತ್ತಿ, ಕಾಲು ಹುಗಿದು, ಕಿತ್ತು, ಮತ್ತೆ ಹುಗಿದು, ಮೈಯೆಲ್ಲ ಹೊಟ್ಟಾಗಿ ಬರುತ್ತಿದ್ದರು. ಆ ಪಟ್ಟಿ ಬೋರ್ಡಿನಲ್ಲಿದ್ದ ಅಷ್ಟೂ ದಿನ ಅವರು ಆ ದಾರಿಯಲ್ಲೇ ಬಂದರು.